ಅಪ್‌ಡೇಟ್: ಯುವಜನ ಕೂಟದ ಖಾಲಿ ಕುರ್ಚಿಗಳು

ಆರು ತಿಂಗಳ ಹಿಂದೆ ನಾನು ಕೇಳಿದ್ದು ಇಷ್ಟು: ದೃಢೀಕರಣ (ತಮ್ಮ ನಂಬಿಕೆಯನ್ನು ಚರ್ಚಿನ ಮುಂದೆ ತಾವೇ ದೃಢಪಡಿಸುವ ವಿಧಿ) ಮುಗಿದು ಕಾಲೇಜು ಸೇರಿದ ಮೇಲೆ ನಮ್ಮ ಚರ್ಚ್ ಸಭೆಯ ಮಕ್ಕಳು ಭಾನುವಾರದ ಆರಾಧನೆಗೂ ಬರುತ್ತಿಲ್ಲ, ಏನು ಮಾಡಲಿ? ಹೆಚ್ಚಿನವರು ಗಿಟಾರ್ ತನ್ನಿ, ಡ್ರಮ್ಸ್ ತನ್ನಿ ಎಂದಿರಿ. ತಂದೆವು. ಮೂರು ವಾರ ಕುರ್ಚಿ ಸಾಲಲಿಲ್ಲ. ನಾಲ್ಕನೆಯ ವಾರ ಡ್ರಮ್ಸ್ ಬಾರಿಸುವವನೇ ಬರಲಿಲ್ಲ.

ಕೆಲಸಕ್ಕೆ ಬಂದದ್ದು ಒಬ್ಬರೇ ಒಬ್ಬರು ಹೇಳಿದ ಮಾತು: ಅವರನ್ನು ಸುಮ್ಮನೆ ಕೂರಿಸಬೇಡಿ, ಹೊಣೆ ಕೊಡಿ. ವಾಣಿಜ್ಯ ಓದಿದ ಹುಡುಗಿಯೊಬ್ಬಳಿಗೆ ಕಾಣಿಕೆಯ ಲೆಕ್ಕದ ಪುಸ್ತಕವನ್ನೇ ಒಪ್ಪಿಸಿದೆವು. ಹಿರಿಯರೊಬ್ಬರು ಮುಖ ಕಿವುಚಿದರು. ಎರಡನೆಯ ಭಾನುವಾರ ಅವಳು ಪೆನ್ಸಿಲ್ ತುದಿಯಿಂದ ಒಂದು ಸಾಲನ್ನು ತಟ್ಟಿ, "ಬಡವರ ನಿಧಿಯ ಹಣ ಸುಣ್ಣಬಣ್ಣಕ್ಕೆ ಹೋಗಿದೆಯಲ್ಲ, ಅಂಕಲ್?" ಎಂದಳು. ಹೋಗಿತ್ತು. ಸಮಿತಿಯಲ್ಲಿ ಅಂದು ನಡೆದಂಥ ಚರ್ಚೆ ಹತ್ತು ವರ್ಷಗಳಲ್ಲಿ ನಡೆದಿರಲಿಲ್ಲ. ಮರುವಾರ ಅವಳ ಜೊತೆ ಇಬ್ಬರು ಗೆಳತಿಯರೂ ಬಂದರು.

1844ರಲ್ಲಿ ಲಂಡನ್ನಿನಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘವನ್ನು ಆರಂಭಿಸಿದಾಗ ಬಟ್ಟೆ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್‌ಗೆ 22 ವರ್ಷ. ಆ ವಯಸ್ಸಿನವರಿಗೆ ನಾವು ಕುರ್ಚಿ ಜೋಡಿಸುವ ಕೆಲಸ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ಬೇರೆ ಊರಿಗೆ ಹೋದವರ ವಿಚಾರ ಮಾತ್ರ ಇನ್ನೂ ಬಗೆಹರಿದಿಲ್ಲ. ಈಗ ಹೊರಡುವ ಮೊದಲೇ ಅಲ್ಲಿನ ಸಭಾಪಾಲಕರಿಗೆ ಫೋನ್ ಮಾಡಿ ಪರಿಚಯಿಸುತ್ತಿದ್ದೇವೆ. ಐವರಲ್ಲಿ ಇಬ್ಬರು ಅಲ್ಲಿ ಹೊಂದಿಕೊಂಡಿದ್ದಾರೆ. ನನ್ನ ಮಗ ಆ ಇಬ್ಬರಲ್ಲಿ ಇಲ್ಲ. ಆದರೆ ಕಳೆದ ವಾರ ಅವನೇ ಕರೆ ಮಾಡಿ, "ಲೆಕ್ಕದ ಪುಸ್ತಕದ ಗಲಾಟೆ ನಿಜವೇನಮ್ಮಾ?" ಎಂದು ಕೇಳಿದ.