ಚಳಿಗಾಲದ ಮಂಕು: ಲೈಟ್ ಥೆರಪಿ ದೀಪದಿಂದ ನಿಜಕ್ಕೂ ಉಪಯೋಗ ಇದೆಯಾ?

ಸ್ಟಾಕ್‌ಹೋಮ್_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಹಾಸನದಿಂದ ಸ್ಟಾಕ್‌ಹೋಮ್‌ಗೆ ಬಂದ ಮೇಲೆ ಇದು ಎರಡನೇ ಚಳಿಗಾಲ. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಕು ಹರಿಯುವುದೇ 8.45ರ ಹೊತ್ತಿಗೆ, ಮಧ್ಯಾಹ್ನ 3 ಗಂಟೆಯೊಳಗೆ ಸೂರ್ಯ ಮುಳುಗಿಯೂ ಆಯಿತು. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ಮನೆಗೆ ಬರುತ್ತೇನೆ. ಎಷ್ಟು ಮಲಗಿದರೂ ನಿದ್ದೆ ಸಾಲದು, ಯಾವಾಗಲೂ ಅನ್ನ, ಸಿಹಿ ಬೇಕು ಅನ್ನಿಸುತ್ತದೆ, ಅಮ್ಮನ ಫೋನ್ ಬಂದರೂ ಎತ್ತಲು ಮನಸ್ಸಾಗುವುದಿಲ್ಲ. ಹೋದ ವರ್ಷವೂ ಹೀಗೇ ಆಗಿ ಏಪ್ರಿಲ್ ಹೊತ್ತಿಗೆ ತಾನಾಗಿ ಸರಿಹೋಗಿತ್ತು. ಆಫೀಸಿನ ಗೆಳತಿ, ಬಿಸಿಲಿನ ಬದಲು ಜೋರು ಬೆಳಕು ಕೊಡುವ ಲೈಟ್ ಥೆರಪಿ ದೀಪ ತಗೋ ಅಂತಾಳೆ. ಸುಮ್ನೆ ದುಡ್ಡು ದಂಡ ಆಗಲ್ಲ ಅಲ್ವಾ? ವಿಟಮಿನ್ ಡಿ ಮಾತ್ರೆ ತಗೊಳ್ತಿದ್ದೇನೆ, ಅದು ಸಾಲದಾ?

ಓಸ್ಲೋ_ಭಟ್ಟ
ತಗೊಳ್ಳಿ, ದಂಡ ಅಲ್ಲ. ನೀವು ಹೇಳಿದ್ದೆಲ್ಲ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್, ಅಂದ್ರೆ ಪ್ರತಿ ವರ್ಷ ಒಂದೇ ಋತುವಿನಲ್ಲಿ ಬರುವ ಖಿನ್ನತೆಯ ಲಕ್ಷಣದ ಹಾಗೇ ಇದೆ. ಅಮೆರಿಕದಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಜೊತೆಗಾರರು 1984ರಲ್ಲೇ ಇದನ್ನು ವಿವರಿಸಿ, ಬೆಳಕಿನಿಂದ ಗುಣವಾಗುವುದನ್ನೂ ತೋರಿಸಿದರು. ರೋಸೆಂತಾಲ್ ಅವರೂ ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ಅಲ್ಲಿಗೆ ಹೋದವರೇ.

ಆದರೆ ಚೆಂದ ಕಾಣುತ್ತೆ ಅಂತ ಯಾವುದೋ ಒಂದು ದೀಪ ತರಬೇಡಿ. 10,000 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅನ್ನುವ ಅಳತೆ) ಇರಬೇಕು, ಅಷ್ಟು ಬೆಳಕು ಎಷ್ಟು ದೂರದಲ್ಲಿ ಸಿಗುತ್ತದೆ ಅಂತ ಡಬ್ಬದ ಮೇಲೆ ಓದಿ, ಯಾಕಂದ್ರೆ ಚಿಕ್ಕ ದೀಪಗಳಲ್ಲಿ ಅದು ಒಂದು ಗೇಣಿನಷ್ಟೇ ಇರುತ್ತದೆ, ನೀವು ಮೇಜಿನ ಆ ತುದಿಗಿಟ್ಟು ಈ ತುದಿಗೆ ಕೂತರೆ ಏನೂ ಪ್ರಯೋಜನವಿಲ್ಲ. ಕಣ್ಣಿಗೆ ಹಾನಿ ಮಾಡುವ ಅತಿನೇರಳೆ ಕಿರಣ ತಡೆಯುವ ಯುವಿ ಫಿಲ್ಟರ್ ಕೂಡ ಇರಲಿ. ನಾನು ಕಾಫಿ ಲೋಟದ ಪಕ್ಕ ಸ್ವಲ್ಪ ಓರೆಯಾಗಿ ಇಟ್ಟುಕೊಂಡು, ಎದ್ದ ಕೂಡಲೇ ಅರ್ಧ ಗಂಟೆ ಪೇಪರ್ ಓದುತ್ತೇನೆ. ದೀಪವನ್ನೇ ದಿಟ್ಟಿಸುವುದು ಬೇಡ, ಕಣ್ಣು ತೆರೆದಿದ್ದರೆ ಸಾಕು. ಸಂಜೆ ಹಚ್ಚಿದರೆ ರಾತ್ರಿ ನಿದ್ದೆ ಬರಲ್ಲ.

ನರ್ಸಮ್ಮ_ಮಣಿಪಾಲ
ಮಲ್ಲಿಗೆ, ವಿಟಮಿನ್ ಡಿ ದಾರಿಯೇ ಬೇರೆ. ಅದು ಚರ್ಮದ ಮೇಲೆ ಬಿಸಿಲು ಬಿದ್ದು ಆಗುವಂಥದ್ದು. ದೀಪ ಕೆಲಸ ಮಾಡುವುದು ಕಣ್ಣಿನ ಮೂಲಕ. ಕಣ್ಣಿನ ಒಳಗೆ ಹಿಂಬದಿಯಲ್ಲಿರುವ ರೆಟಿನಾ ಪದರದ ಕೆಲವು ಜೀವಕೋಶಗಳು ಬೆಳಕು ಕಂಡ ಕೂಡಲೇ ಮೆದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ, ಆಗ ನಿದ್ದೆ ತರಿಸುವ ಮೆಲಟೋನಿನ್ ಕಡಿಮೆಯಾಗುತ್ತದೆ. ಮಾತ್ರೆ ಬಿಡಬೇಡಿ, ಆದರೆ ಅದು ದೀಪದ ಕೆಲಸ ಮಾಡಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ನಿಮಗೋ ಮನೆಯವರಿಗೋ ಬೈಪೋಲಾರ್ (ಮನಸ್ಸು ಒಮ್ಮೆ ಉನ್ಮಾದಕ್ಕೆ, ಒಮ್ಮೆ ಖಿನ್ನತೆಗೆ ಹೊರಳುವ ಕಾಯಿಲೆ) ಇದ್ದರೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ, ಬೆಳಕಿನಿಂದ ಉನ್ಮಾದ ಕೆರಳಬಹುದು. ರೆಟಿನಾ ತೊಂದರೆ ಇರುವವರೂ ಮೊದಲು ಕೇಳಬೇಕು. ಬದುಕೇ ಬೇಡ ಅನ್ನಿಸಿದರಂತೂ ದೀಪ ಹಚ್ಚಿಕೊಂಡು ಕಾಯುತ್ತಾ ಕೂರಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಸ್ಟಾಕ್‌ಹೋಮ್_ಮಲ್ಲಿಗೆ
ತುಂಬಾ ಥ್ಯಾಂಕ್ಸ್. ಅಂಥದ್ದೇನೂ ಇಲ್ಲ ಅಕ್ಕ, ಆದರೂ ಇಲ್ಲಿನ ಡಾಕ್ಟರನ್ನು ಕೇಳಿಯೇ ತಗೊಳ್ತೀನಿ. ಎಷ್ಟು ದಿನಕ್ಕೆ ಗೊತ್ತಾಗುತ್ತೆ?

ಓಸ್ಲೋ_ಭಟ್ಟ
ಸಾಮಾನ್ಯವಾಗಿ ಒಂದೆರಡು ವಾರದಲ್ಲಿ. ಚೆನ್ನಾಗಾಯಿತು ಅಂತ ನಡುವೆ ನಿಲ್ಲಿಸಿದರೆ ಮತ್ತೆ ಮಂಕು ಬರುತ್ತದೆ, ವಸಂತದವರೆಗೂ ನಡೆಸಿ. ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೂ ಓಡಾಡಿ, ಮೋಡ ಮುಚ್ಚಿದ್ದರೂ ಆಫೀಸಿನ ಟ್ಯೂಬ್‌ಲೈಟಿಗಿಂತ ಹೊರಗಿನ ಬೆಳಕೇ ಎಷ್ಟೋ ಜಾಸ್ತಿ.