ಸಹಾಯ ಬೇಕು: ಮದುವೆಗೆ ಇನ್ನೊಬ್ಬ ಫೋಟೋಗ್ರಾಫರ್‌ನ ನಾವೇ ಕರೆಸಬಹುದಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹಾಸನದಲ್ಲಿ ತಂಗಿಯ ಮದುವೆ. ಫೋಟೋ, ವಿಡಿಯೋ, ಆಲ್ಬಂ ಎಲ್ಲ ಸೇರಿಸಿ ಒಬ್ಬರಿಗೆ ಒಪ್ಪಿಸಿ ಅಡ್ವಾನ್ಸ್ ಕೊಟ್ಟಾಗಿದೆ. ವಿಡಿಯೋಗೆ ಬೇರೆ ಹುಡುಗ ಬರುತ್ತಾನೆ, ಆದರೆ ಫೋಟೋಗೆ ಅವರೊಬ್ಬರೇ.

ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವಾಗ ಹುಡುಗ, ಹುಡುಗಿ ಎದುರುಬದುರು ನಿಂತಿರುತ್ತಾರೆ. ಒಂದೇ ಕ್ಯಾಮೆರಾದಲ್ಲಿ ಇಬ್ಬರ ಮುಖವೂ ಸಿಗುವುದು ಕಷ್ಟ ಅಲ್ವಾ? ಅದಕ್ಕೂ ಮುಂಚೆ ಛತ್ರದ ಬಾಗಿಲಲ್ಲಿ ಕಾಶಿಯಾತ್ರೆ, ಅದೇ ಹೊತ್ತಿಗೆ ಒಳಗೆ ಗೌರಿಪೂಜೆ. ಮೊಬೈಲಲ್ಲಿ ತೆಗೆದರಾಯ್ತು ಬಿಡು ಅಂತಾರೆ ಮಾವ. ಮಂಟಪದ ಲೈಟಿಗೆ ಅದು ಹೇಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು!

ಇನ್ನೊಬ್ಬರನ್ನು ಕರೆತನ್ನಿ ಎಂದು ಫೋಟೋಗ್ರಾಫರ್ ಅವರನ್ನೇ ಕೇಳಿದೆ. ಸೀಸನ್, ಯಾರೂ ಸಿಗಲ್ಲ ಎಂದರು. ಪರಿಚಯದ ಹುಡುಗನೊಬ್ಬ ಧಾರೆ ದಿನಕ್ಕೆ ಮಾತ್ರ ಒಪ್ಪಿದ್ದಾನೆ. ತೆಗೆದ ಫೈಲುಗಳನ್ನು ಹಾಗೇ ಕೊಡುತ್ತಾನಂತೆ, ಎಡಿಟಿಂಗ್ ಇಲ್ಲ. ಇದನ್ನು ಹೇಳಿದರೆ ಮೊದಲಿನವರು, ‘ಬೇರೆ ಕ್ಯಾಮೆರಾದ ಬಣ್ಣ ನಮ್ಮ ಆಲ್ಬಂಗೆ ಹೊಂದಲ್ಲ’ ಎಂದು ಮುಖ ಗಂಟಿಕ್ಕಿದರು. ಇಬ್ಬರೂ ರಾ ಫೈಲಲ್ಲೇ (ಕ್ಯಾಮೆರಾ ಬಣ್ಣ ತಿದ್ದದೆ ಉಳಿಸುವ ಮೂಲ ಫೈಲು) ತೆಗೆದರೆ ಬಣ್ಣ ಸರಿಹೊಂದಿಸಬಹುದು ಅಂತ ನನ್ನ ಅಂದಾಜು. ಮುಹೂರ್ತದ ದಿನ ಮಂಟಪದಲ್ಲಿ ಜಗಳ ಮಾತ್ರ ಬೇಡ.

ಹೀಗೆ ಇಬ್ಬರನ್ನು ಬೇರೆಬೇರೆಯಾಗಿ ಕರೆಸಿದವರು ಇದ್ದೀರಾ? ಎರಡನೆಯವನ ಫೈಲುಗಳನ್ನು ಮೊದಲಿನವರಿಗೇ ಕೊಟ್ಟು, ಜಾಸ್ತಿ ದುಡ್ಡು ಕೊಟ್ಟು ಒಂದೇ ಆಲ್ಬಂ ಮಾಡಿಸಿದಿರಾ, ಅಥವಾ ಬೇರೆ ಆಲ್ಬಂ ಮಾಡಿಸಿದಿರಾ?