ಚಿಟ್ಟೆಗೂ ಉಪ್ಪು ಬೇಕು

"ಭಾನುವಾರ ಬೆಳಗ್ಗೆ ಐದಕ್ಕೆಲ್ಲ ಹೊರಟುಬಿಡೋಣ," ಅಂದ ಸೀನಿ. ಸಕಲೇಶಪುರದ ಕಡೆ 'ಬಟರ್‌ಫ್ಲೈ ವಾಕ್', ತಲೆಗೆ 1,500 ರೂಪಾಯಿ. ಚಿಟ್ಟೆ ಚಿತ್ರದ ಟೀ ಶರ್ಟು ಪುಕ್ಕಟೆ.

"ಕತ್ತಲಲ್ಲಿ ಹೋಗಿ ಯಾರನ್ನ ಎಬ್ಬಿಸ್ತೀಯೋ?" ಅಂದರು ರಾಯರು. "ಚಿಟ್ಟೆ ಥೇಟ್ ನಿನ್ನ ಹಾಗೆ, ಬೆನ್ನಿಗೆ ಬಿಸಿಲು ಬೀಳದೆ ಏಳಲ್ಲ. ರೆಕ್ಕೆ ಬಡಿಯೋ ಸ್ನಾಯು 30 ಡಿಗ್ರಿ ಹತ್ತಿರ ಕಾಯಬೇಕು. ಈ ಏಪ್ರಿಲ್‌ನಲ್ಲಿ ಎಂಟರಿಂದ ಹನ್ನೊಂದು ಅದರ ಆಫೀಸ್ ಟೈಮು."

ವಿಶ್ವ ಫಿರಂಗಿಯಂಥ ಲೆನ್ಸ್ ತೋರಿಸಿದ.

"ಅದು ಎರಡೂವರೆ, ಮೂರು ಮೀಟರ್ ಒಳಗೆ ಫೋಕಸ್ಸೇ ಆಗಲ್ಲ. ಚಿಟ್ಟೆ ಮೊಣಕಾಲ ಹತ್ತಿರ ಕೂತರೆ ನೀನು ಹಿಂದೆ ಹಿಂದೆ ನಡೆದು ಹಳ್ಳಕ್ಕೆ ಬೀಳ್ತೀಯ, ಅಷ್ಟೆ."

"ಹಳ್ಳ ಯಾಕೆ? ಹೂವಿನ ತೋಟ ಅಲ್ವೇ?" ಪದ್ಮಕ್ಕನಿಗೆ ಗಾಬರಿ.

"ಹೂವಿಗೆ ಒಂದೋ ಎರಡೋ. ಹಿಂಡು ಬೇಕಾದ್ರೆ ಹಳ್ಳದ ಒದ್ದೆ ಮರಳು. ಎಮ್ಮೆ ಗಂಜಲ ಹೊಯ್ದಿದ್ದರಂತೂ ಹಬ್ಬ."

"ಥೂ, ರಾಯರೇ!"

"ಮಕರಂದದಲ್ಲಿ ಸಕ್ಕರೆ ಇದೆ, ಉಪ್ಪು ಸಾಲದು. ಅದಕ್ಕೇ ಸಾಲಾಗಿ ಕೂತು ಹೀರ್ತವೆ, ಹೆಚ್ಚುಕಮ್ಮಿ ಎಲ್ಲ ಗಂಡೇ. ಕೂಡುವಾಗ ಆ ಉಪ್ಪು ಹೆಣ್ಣಿಗೆ ದಾಟಿ ಮೊಟ್ಟೆ ಸೇರುತ್ತೆ."

"ವರದಕ್ಷಿಣೆ ಉಲ್ಟಾ!" ಅಂದ ವಿಶ್ವ.

"ನೆರಳು ಅವುಗಳ ಮೇಲೆ ಬೀಳದ ಹಾಗೆ ಕುಕ್ಕರಗಾಲಲ್ಲಿ ಹೋಗಬೇಕು. ಒಂದು ಎದ್ದರೆ ಸಾಲೇ ಏಳುತ್ತೆ. ಓಡಿಸಿಕೊಂಡು ಹೋಗಬೇಡಿ, ಸುಮ್ಮನೆ ಕೂತಿದ್ದರೆ ವಾಪಸ್ ಬರ್ತವೆ. ಸೀನಿ, ಆ ಟೀ ಶರ್ಟು ಎರಡು ದಿನ ಒಗೀಬೇಡ. ಬೆವರಲ್ಲೂ ಉಪ್ಪಿದೆ, ನಿನ್ನ ಮೇಲೇ ಇಳೀತವೆ."

"ಇದಕ್ಕೆ 1,500 ಕೊಡಬೇಕಾ?"

"ಅದನ್ನೇ ನಾನೂ ಕೇಳ್ತಿರೋದು. ಮನೇಲಿ ಕರಿಬೇವಿನ ಗಿಡ ಇದ್ದರೆ ಸಾಕಲ್ಲ. ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತೆ."

"ಅಯ್ಯೋ, ಆ ಕಂಬಳಿಹುಳುನಾ?" ಪದ್ಮಕ್ಕ ಮುಖ ಸಿಂಡರಿಸಿದರು. "ಹಸಿರು ಹುಳು, ಕಿರುಬೆರಳಷ್ಟು. ಮುಟ್ಟಿದ್ರೆ ತಲೆಯಿಂದ ಕೆಂಪು ಕೊಂಬು ಚಾಚಿ ನಾತ ಬಿಡುತ್ತೆ. ಪೊರಕೆ ಕಡ್ಡೀಲಿ ಎತ್ತಿ ಬೀದಿಗೆ ಹಾಕಿದೆ."

"ಅದಕ್ಕೆ ಮೈಮೇಲೆ ಕೂದಲೇ ಇಲ್ಲ, ಯಾವ ಸೀಮೆ ಕಂಬಳಿ ಪದ್ಮಕ್ಕ? ಹಸಿರು ಬಂತು ಅಂದ್ರೆ ಕೊನೇ ಹಂತ. ಇನ್ನು ನಾಲ್ಕೈದು ದಿನ ಬಿಟ್ಟಿದ್ರೆ ಕೋಶ ಕಟ್ಟಿಕೊಳ್ತಿತ್ತು. ಹೋಗ್ಲಿ, ಬೇರೆ ಇವೆಯಾ?"

"ಹುಳು ಒಂದೂ ಇರಲಿಲ್ಲ. ಎಲೆ ಮೇಲೆಲ್ಲ ಬರೀ ಹಕ್ಕಿ ಹಿಕ್ಕೆ, ಕಂದು-ಬಿಳಿ ಮಚ್ಚೆ."

ರಾಯರು ಲೋಟ ಕೆಳಗಿಟ್ಟರು. "ಎಲೆ ಮಧ್ಯದಲ್ಲಿ? ಮಿರಿಮಿರಿ ಅಂತ?"

"ಹೂಂ."

"ಅದೇ ರೀ ಮರಿಹುಳು! ಹಸಿರಾಗೋ ಮೊದಲು ಹಿಕ್ಕೆ ಹಾಗೆ ಬಿದ್ದಿರುತ್ತೆ, ಹಕ್ಕಿ ತಿನ್ನದಿರಲಿ ಅಂತ. ನಡೀರಿ, ನೋಡೋಣ."

ಸೀನಿ ಎದ್ದೇಬಿಟ್ಟ. ಪದ್ಮಕ್ಕ ಕೂತೇ ಇದ್ದರು.

"ಬೆಳಗ್ಗೆ ಪೈಪ್ ಹಿಡಿದು ತೊಳೆದುಬಿಟ್ಟೆನಲ್ಲ…"

"ಎಷ್ಟಿದ್ವು?"

"ಆರೋ ಏಳೋ. ನೀರೆಲ್ಲ ಮೋರಿಗೆ ಹೋಯ್ತು." ಸ್ವಲ್ಪ ತಡೆದು ಕೇಳಿದರು, "ಮೋರಿ ಒದ್ದೆಗೂ ಚಿಟ್ಟೆ ಬರುತ್ತಾ, ರಾಯರೇ?"